ಶಾಸ್ತ್ರದಾನದ ನಾಲ್ಕು ಅಂಗಗಳು: ಸಿದ್ಧಾಂತಗ್ರಂಥಗಳ ಮುದ್ರಣ ಮತ್ತು ಕನ್ನಡ

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿ ಬಂದ ಧವಲಾ ಟೀಕೆಯ ಓಲೆಯ ಪ್ರತಿಗಳು ವಿದ್ವಜ್ಜನರಿಗೆ ವಿದಿತವೇ ಆಗಿವೆ. ಅಲ್ಲಿಯ ಪ್ರಶಸ್ತಿಯಿಂದ ನಮಗೆ ತಿಳಿದುಬರುವ ಸಂಗತಿ ಇಷ್ಟು: ಭುಜಬಲಗಂಗ ಪೆರ್ಮಾಡಿಯ ಅತ್ತೆಯಾದ ದೇಮಿಯಕ್ಕನು ಶ್ರುತಪಂಚಮಿಯ ನೋಂಪಿಯನ್ನು ನೋಂತು, ಅದರ ಉದ್ಯಾಪನೆಯ ಕಾಲದಲ್ಲಿ ಸಿದ್ಧಾಂತವನ್ನು ಬರೆಯಿಸಿ, ಬನ್ನಿಕೆರೆಯ ಚೈತ್ಯಾಲಯದ ಆಚಾರ್ಯರಾಗಿದ್ದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಶುಭಚಂದ್ರರು ಶಕ 1045ರಲ್ಲಿ, ಎಂದರೆ ಕ್ರಿ.ಶ. 1123ರಲ್ಲಿ, ಸಮಾಧಿಯನ್ನು ಪಡೆದರೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಆದಕಾರಣ ಈ ದಾನವು ಅದಕ್ಕೆ ಪೂರ್ವದಲ್ಲಿಯೇ ನಡೆದಿರಬೇಕು. ಮಹಾಬಂಧದ ಪ್ರತಿಯ ಕಥೆಯೂ ಇದೇ ಬಗೆಯದು. ಶಾಂತಿಸೇನನ ಪತ್ನಿ ಮಲ್ಲಿಕಬ್ಬೆಯು ಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಅದನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಸಮರ್ಪಿಸಿದಳು.

ಇಂದು ನಾವು ಷಟ್ಖಂಡಾಗಮವನ್ನು ಓದಬಲ್ಲೆವಾದರೆ, ಅದಕ್ಕೆ ಈ ಇಬ್ಬರು ಕನ್ನಡ ಶ್ರಾವಿಕೆಯರ ದ್ರವ್ಯವೂ ಕಾರಣವೆಂಬುದನ್ನು ಮರೆಯಲಾಗದು. ಆದರೆ ಇದೇ ಕನ್ನಡ ಲಿಪಿಯ ಓಲೆಗಳಲ್ಲಿ ಎಂಟು ಶತಮಾನಗಳ ಕಾಲ ಉಳಿದ ಆಗಮವು ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡುದು ನಾಗರಿ ಲಿಪಿಯಲ್ಲಿ, ಹಿಂದಿ ಅನುವಾದದೊಡನೆ. ಅದಕ್ಕೆ ದ್ರವ್ಯ ಒದಗಿದುದು ಮಧ್ಯಭಾರತದ ವಿದಿಶೆಯಿಂದ. ಕನ್ನಡದ ಓದುಗನಿಗೆ ಅದು ತನ್ನ ನುಡಿಯಲ್ಲಿ ದೊರೆಯಲು ಮತ್ತೆ ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲ ಬೇಕಾಯಿತು. ಇದು ಹೀಗೇಕಾಯಿತು? ಕನ್ನಡ ನಾಡಿನ ಶ್ರಾವಕರಲ್ಲಿ ದಾನಬುದ್ಧಿ ಕುಂದಿತ್ತೆಂದು ಹೇಳುವುದು ಸುಲಭ. ಆದರೆ ಅದು ನಿಜವಲ್ಲ. ಬಸದಿಗಳ ಜೀರ್ಣೋದ್ಧಾರಕ್ಕೂ ಪಂಚಕಲ್ಯಾಣಕ್ಕೂ ಇಲ್ಲಿ ಎಂದೂ ಹಣದ ಕೊರತೆ ಆಗಿಲ್ಲ. ಉತ್ತರವನ್ನು ಬೇರೆಡೆ ಹುಡುಕಬೇಕು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕೊನೆಯ ಸೂತ್ರದಲ್ಲಿ ಆಚಾರ್ಯ ಉಮಾಸ್ವಾಮಿಗಳು ದಾನದ ತಾರತಮ್ಯವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ಉಂಟಾಗುತ್ತದೆಂದು ನಿರೂಪಿಸಿದ್ದಾರೆ. ಆಹಾರದಾನದ ಸಂದರ್ಭದಲ್ಲಿ ಈ ನಾಲ್ಕನ್ನೂ ಸೂಕ್ಷ್ಮವಾಗಿ ವಿಚಾರಿಸುವ ನಾವು ಶಾಸ್ತ್ರದಾನದ ಸಂದರ್ಭದಲ್ಲಿ ದಾತೃ ಮತ್ತು ದ್ರವ್ಯ ಎಂಬ ಎರಡನ್ನಷ್ಟೇ ಗಣಿಸುತ್ತ ಬಂದಿದ್ದೇವೆ ಎಂಬುದು ಈ ಲೇಖಕನ ಅಭಿಪ್ರಾಯ. ಇತಿಹಾಸದ ಅನುಕೂಲಕ್ಕಾಗಿ ಸೂತ್ರದ ಕ್ರಮವನ್ನು ತುಸು ವ್ಯತ್ಯಾಸಗೊಳಿಸಿ ಒಂದೊಂದನ್ನಾಗಿ ಪರಿಶೀಲಿಸೋಣ.

ದಾತೃ

ಗ್ರಂಥವನ್ನು ಬರೆಯಿಸಿ ಹಂಚುವ ಪುಣ್ಯಕಾರ್ಯಕ್ಕೆ ಕನ್ನಡ ನಾಡಿನಲ್ಲಿ ಪ್ರಾಚೀನ ಪರಂಪರೆ ಇದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧಿಯನ್ನು ಇಲ್ಲಿ ಸ್ಮರಿಸಬಹುದು. ಆ ಗ್ರಂಥ ಕನ್ನಡದ್ದು ಎಂಬುದು ಗಮನಾರ್ಹ. ಜಿನಕಥೆಯು ದೇಶಭಾಷೆಯಲ್ಲಿ ಮನೆಮನೆಗೆ ತಲಪಬೇಕೆಂಬ ಸಂಕಲ್ಪವು ಅಚ್ಚಿನ ಯಂತ್ರಕ್ಕಿಂತ ಎಷ್ಟೋ ಹಿಂದಿನದು.

ಆಧುನಿಕ ಕಾಲದಲ್ಲಿ ಈ ಪರಂಪರೆಯನ್ನು ಎತ್ತಿಕೊಂಡವರಲ್ಲಿ ಸೋಲಾಪುರದ ಸೇಠ್ ಹೀರಾಚಂದ ನೇಮಚಂದ ಮತ್ತು ಮುಂಬಯಿಯ ಸೇಠ್ ಮಾಣಿಕಚಂದರು ಮೊದಲಿಗರು. ಮೂಡಬಿದಿರೆಯ ಓಲೆಗಳು ಶಿಥಿಲವಾಗುತ್ತಿರುವುದನ್ನು ಕಂಡು, ಅವುಗಳ ಪ್ರತಿ ತೆಗೆಯಿಸಲು ಸಮಾಜದಿಂದ ಸುಮಾರು 14,000 ರೂಪಾಯಿಗಳ ವಂತಿಗೆಯನ್ನು ಅವರು ಕೂಡಿಸಿದರು. ಮಾಣಿಕಚಂದರು 1914ರಲ್ಲಿ ತೀರಿಕೊಂಡ ಮೇಲೆ ಅವರ ಸ್ಮರಣೆಗಾಗಿ 1915ರಲ್ಲಿ ಆರಂಭವಾದ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯು ಪಂಡಿತ ನಾಥೂರಾಮ ಪ್ರೇಮಿಯವರ ದಕ್ಷತೆಯಲ್ಲಿ ಬೆಳೆಯಿತು. ತಗಲಿದ ವೆಚ್ಚದಷ್ಟೇ ಬೆಲೆಗೆ ಗ್ರಂಥವನ್ನು ಕೊಡುವುದು ಅದರ ನಿಯಮವಾಗಿತ್ತು. ಭೇಲಸಾ ಎಂದು ಆಗ ಕರೆಯಲಾಗುತ್ತಿದ್ದ ವಿದಿಶೆಯ ಶ್ರೀಮಂತ ಸೇಠ್ ಶಿತಾಬರಾಯ ಲಕ್ಷ್ಮೀಚಂದ್ರರ ದಾನದಿಂದ ಅಮರಾವತಿಯಲ್ಲಿ ಜೈನ ಸಾಹಿತ್ಯೋದ್ಧಾರಕ ಫಂಡು ನೆಲೆಗೊಂಡಿತು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ 1939ರಲ್ಲಿ ಹೊರಬಂದಿತು. ಮಹಾಯುದ್ಧದ ದಿನಗಳನ್ನೂ ದಾಟಿ, ಸುಮಾರು ಎರಡು ದಶಕಗಳಲ್ಲಿ 16 ಸಂಪುಟಗಳು ಪೂರ್ಣಗೊಂಡವು.

ಸೋಲಾಪುರದ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರ ಉದಾಹರಣೆ ಇನ್ನೂ ವಿಶಿಷ್ಟವಾದುದು. ತಮ್ಮ ನ್ಯಾಯಾರ್ಜಿತ ಧನವನ್ನು ಯಾವ ಕಾರ್ಯಕ್ಕೆ ವಿನಿಯೋಗಿಸಬೇಕೆಂದು ಅವರು 1940ರಲ್ಲಿ ದೇಶವನ್ನು ಸುತ್ತಿ ವಿದ್ವಾಂಸರ ಅಭಿಪ್ರಾಯವನ್ನು ಕೇಳಿದರು. 1941ರ ಬೇಸಗೆಯಲ್ಲಿ ಗಜಪಂಥಾ ಕ್ಷೇತ್ರದಲ್ಲಿ ಅವರೆಲ್ಲರನ್ನು ಕೂಡಿಸಿ ಚರ್ಚಿಸಿದರು. ಆ ಚರ್ಚೆಯ ಫಲವಾಗಿ ಜೈನ ಸಂಸ್ಕೃತಿ ಸಂರಕ್ಷಕ ಸಂಘವು ಸ್ಥಾಪಿತವಾಯಿತು. ಮೊದಲು 30,000 ರೂಪಾಯಿಗಳನ್ನು ಕೊಟ್ಟ ಅವರು 1944ರಲ್ಲಿ ಸುಮಾರು ಎರಡು ಲಕ್ಷದ ತಮ್ಮ ಸಮಸ್ತ ಆಸ್ತಿಯನ್ನೇ ಅದಕ್ಕೆ ಒಪ್ಪಿಸಿದರು. ಕೊಡುವ ಮೊದಲು ಕೇಳಿದ ದಾತೃ ಇವರು. ದಾತೃವಿಶೇಷ ಎಂದರೆ ಇದೇ ಅಲ್ಲವೇ?

ದ್ರವ್ಯ

ದ್ರವ್ಯ ಎಂದಾಗ ಇಲ್ಲಿ ಹಣ ಮಾತ್ರವಲ್ಲ, ಕೊಡಲ್ಪಡುವ ವಸ್ತುವೂ ವಿವಕ್ಷಿತ. ಶ್ರುತವು ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಬಂದಾಗ ನಮ್ಮವರಲ್ಲಿಯೇ ಪ್ರಬಲವಾದ ವಿರೋಧ ಹುಟ್ಟಿತು. ಅಚ್ಚುಕೂಟದ ಉರುಳೆ, ಅಂಟು ಮುಂತಾದವುಗಳಲ್ಲಿ ಪ್ರಾಣಿಜನ್ಯ ಪದಾರ್ಥಗಳು ಸೇರುತ್ತವೆ, ಶುಚಿಯಿಲ್ಲದ ಕೈಗಳು ಶಾಸ್ತ್ರವನ್ನು ಮುಟ್ಟುತ್ತವೆ, ಕೆಟ್ಟ ಹಾಳೆಗಳು ಕಾಲಿನ ಕೆಳಗೆ ಬೀಳುತ್ತವೆ, ಹೀಗೆ ಅವಿನಯ ಸಂಭವಿಸುತ್ತದೆ ಎಂಬುದು ಅವರ ವಾದ. ಈ ವಾದವನ್ನು ಇಂದು ನಕ್ಕು ತಳ್ಳಿಹಾಕುವುದು ಯುಕ್ತವಲ್ಲ. ಅದರ ಹಿಂದೆ ಅಹಿಂಸೆಯ ಕುರಿತಾದ ಎಚ್ಚರವೂ ಶ್ರುತವಿನಯವೂ ಇದ್ದವು. ಆದರೆ ಹುಳು ತಿಂದ ಓಲೆಯಿಂದಾಗುವ ಶ್ರುತನಾಶವು ಅದಕ್ಕಿಂತ ದೊಡ್ಡ ಅವಿನಯವೆಂಬುದನ್ನು ಕಾಲವೇ ತೋರಿಸಿಕೊಟ್ಟಿತು.

ಬೆಳಗಾವಿ ಸೀಮೆಯ ಭೋಜ ಗ್ರಾಮದವರಾದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು, ಮಹಾಬಂಧದ ಓಲೆಗಳಲ್ಲಿ ಕೆಲವು ನಷ್ಟವಾಗಿವೆಯೆಂಬುದನ್ನು ಕೇಳಿ ವ್ಯಥೆಗೊಂಡು, ಸಿದ್ಧಾಂತಗ್ರಂಥಗಳನ್ನು ತಾಮ್ರಪತ್ರಗಳಲ್ಲಿ ಕೆತ್ತಿಸುವಂತೆ ಶ್ರಾವಕರನ್ನು ಪ್ರೇರಿಸಿದರು. ಆ ತಾಮ್ರಪತ್ರಗಳು ಫಲಟಣದಲ್ಲಿ ನೆಲೆಗೊಂಡವು. ತಾಮ್ರವು ಗ್ರಂಥವನ್ನು ಉಳಿಸುತ್ತದೆ, ಅಚ್ಚು ಗ್ರಂಥವನ್ನು ಹರಡುತ್ತದೆ. ಎರಡೂ ಬೇಕಾದುವೇ. ಆದರೆ ಉಳಿಸಿದ ಪಾಠವು ಶುದ್ಧವಾಗಿದೆಯೇ, ಹರಡಿದ ಪಾಠವು ಓದುವವನಿಗೆ ತಿಳಿಯುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಲೋಹವಾಗಲಿ ಕಾಗದವಾಗಲಿ ಉತ್ತರ ಕೊಡಲಾರದು. ಅವು ವಿಧಿ ಮತ್ತು ಪಾತ್ರಗಳಿಗೆ ಸಂಬಂಧಿಸಿದವು.

ವಿಧಿ

ಶಾಸ್ತ್ರದಾನದಲ್ಲಿ ವಿಧಿ ಎಂದರೆ ಪಾಠವನ್ನು ಸಿದ್ಧಪಡಿಸುವ ಕ್ರಮ: ಮೂಲಪ್ರತಿಯನ್ನು ಓದುವುದು, ಪ್ರತಿ ತೆಗೆಯುವುದು, ಪ್ರತ್ಯಂತರಗಳೊಡನೆ ತಾಳೆ ನೋಡುವುದು, ಕರಡು ತಿದ್ದುವುದು. ಇವುಗಳಿಗೆ ಕಾಲ ಬೇಕು. ಕಾಲವನ್ನು ಕೊಡುವ ವಿದ್ವಾಂಸನಿಗೆ ಜೀವನೋಪಾಯ ಬೇಕು.

ಮೂಡಬಿದಿರೆಯಲ್ಲಿ ಪ್ರತಿ ತೆಗೆಯುವ ಕಾರ್ಯ 1896ರಲ್ಲಿ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜದ ಗಜಪತಿ ಉಪಾಧ್ಯಾಯರೂ ಅದಕ್ಕೆ ನಿಯುಕ್ತರಾದರು. ಶಾಸ್ತ್ರಿಗಳು ಕಾರ್ಯ ಮುಗಿಯುವ ಮೊದಲೇ ತೀರಿಕೊಂಡರು. ಮೂರು ಸಿದ್ಧಾಂತಗ್ರಂಥಗಳ ಪ್ರತಿಗಳು ಪೂರ್ಣಗೊಳ್ಳುವಾಗ 1922 ಆಗಿತ್ತು. ಎಂದರೆ 26 ವರ್ಷಗಳು ಕಳೆದಿದ್ದವು. ಈ ನಡುವೆ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಒಂದು ಕನ್ನಡ ಪ್ರತಿಯನ್ನೂ ಮಾಡಿಕೊಂಡರು. ಅದು ಸಹಾರನಪುರದ ಲಾಲಾ ಜಂಬೂಪ್ರಸಾದರ ಮಂದಿರವನ್ನು ಸೇರಿತು. ಅಲ್ಲಿ ವಿಜಯಚಂದ್ರಯ್ಯನವರು ಕನ್ನಡವನ್ನು ಓದುತ್ತ ಹೋದಂತೆ ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆದುಕೊಂಡರು. ಆ ನಾಗರಿ ಪಾಠದಿಂದ ಮತ್ತೆ ಪ್ರತಿಗಳಾಗಿ ಆರಾ, ಕಾರಂಜಾ, ಅಮರಾವತಿ ಮೊದಲಾದ ಸ್ಥಳಗಳಿಗೆ ಹೋದವು. 1939ರ ಮುದ್ರಣಕ್ಕೆ ಆಧಾರವಾದುವು ಇಂಥ ಪ್ರತಿಗಳೇ.

ಈ ಸರಣಿಯನ್ನು ಸ್ವಲ್ಪ ನಿಂತು ನೋಡಬೇಕು. ಓಲೆಗೂ ಅಚ್ಚಿಗೂ ನಡುವೆ ಮೂರು ಕೈಗಳು ಮತ್ತು ಒಂದು ಲಿಪಿಪರಿವರ್ತನೆ ನಿಂತಿದ್ದವು. ಸಂಪಾದಕರಿಗೆ ಇದರ ಅರಿವು ಚೆನ್ನಾಗಿಯೇ ಇತ್ತು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವೊಂದು ಬಿಟ್ಟುಹೋದಂತಿದೆಯೆಂದು ಅರ್ಥಾನುಸಂಧಾನದಿಂದ ಊಹಿಸಿ ಅವರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮೊದಲ ಎರಡು ಸಂಪುಟಗಳು ಹೊರಬಂದ ಬಳಿಕ ಮೂಡಬಿದಿರೆಯ ಭಟ್ಟಾರಕರ ಮತ್ತು ಪಂಚರ ಔದಾರ್ಯದಿಂದ ಓಲೆಯ ಪ್ರತಿಗಳೊಡನೆ ತಾಳೆ ನೋಡುವ ಅವಕಾಶ ದೊರೆಯಿತು. ಪಂಡಿತ ಲೋಕನಾಥ ಶಾಸ್ತ್ರಿಗಳೇ ಮೊದಲಾದವರು ಓಲೆಯನ್ನು ಓದಿ ನೋಡಿದಾಗ ‘ಸಂಜದ’ ಪದವು ಅಲ್ಲಿ ಇದ್ದೇ ಇತ್ತು. ಆ ಒಂದು ಪದದ ಸುತ್ತ ಎಂಥ ವಾದವಿವಾದ ನಡೆಯಿತೆಂಬುದು ವಿದ್ವಾಂಸರಿಗೆ ಗೊತ್ತು. ಆ ವಾದದ ಸೈದ್ಧಾಂತಿಕ ನಿರ್ಣಯ ಪ್ರಕೃತ ಲೇಖನದ ವಿಷಯವಲ್ಲ. ಆದರೆ ದಾನದ ದೃಷ್ಟಿಯಿಂದ ಒಂದು ಮಾತನ್ನು ಹೇಳಲೇಬೇಕು. ಸಾವಿರಾರು ರೂಪಾಯಿಗಳ ಕಾಗದದ ಮೇಲೆ ಅಚ್ಚಾದ ಸೂತ್ರಕ್ಕೆ ಕೊನೆಯ ಸಾಕ್ಷ್ಯವನ್ನು ನುಡಿದುದು ಹಳಗನ್ನಡ ಲಿಪಿಯ ಒಂದು ಓಲೆ ಮತ್ತು ಅದನ್ನು ಓದಬಲ್ಲ ಒಬ್ಬ ಪಂಡಿತ.

ಈ ಲೇಖಕನಿಗೆ ಹಲವು ವರ್ಷಗಳ ಹಿಂದೆ ಒದಗಿದ ಅನುಭವವೊಂದನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದು. ಒಂದು ಚಿಕ್ಕ ಕನ್ನಡ ವ್ಯಾಖ್ಯಾನದ ಮುದ್ರಣಕ್ಕೆ ಧರ್ಮಬುದ್ಧಿಯುಳ್ಳ ಶ್ರಾವಕರೊಬ್ಬರು ಮುಂದೆ ಬಂದರು. ಲಭ್ಯವಿದ್ದುದು ಒಂದೇ ಪ್ರತಿ. ಅದೂ ಅಲ್ಲಲ್ಲಿ ತ್ರುಟಿತ. ಮತ್ತೆರಡು ಭಂಡಾರಗಳಿಗೆ ಹೋಗಿ ತಾಳೆ ನೋಡಿ ಬರಲು ಆರು ತಿಂಗಳೂ ಸ್ವಲ್ಪ ವೆಚ್ಚವೂ ಬೇಕೆಂದು ವಿನಂತಿಸಿದೆ. ಅವರು ಸೌಜನ್ಯದಿಂದಲೇ ಹೇಳಿದರು: “ಪಂಡಿತರೇ, ಅಚ್ಚಿಗೆ ಎಷ್ಟು ಬೇಕಾದರೂ ಕೊಡುತ್ತೇನೆ. ಓಡಾಟಕ್ಕೆ ಕೊಟ್ಟದ್ದು ಶಾಸ್ತ್ರದಾನವಾಗುತ್ತದೆಯೇ?” ಆಗ ನಾನು ತಕ್ಕ ಉತ್ತರವನ್ನು ಕೊಡಲಾರದೆ ಹೋದೆ. ಗ್ರಂಥವು ಆ ಒಂದೇ ಪ್ರತಿಯಿಂದ, ಮುಂದಿನ ಶ್ರುತಪಂಚಮಿಗೆ ಸರಿಯಾಗಿ, ಚೆಲುವಾಗಿ ಅಚ್ಚಾಯಿತು. ಅದರ ತ್ರುಟಿತ ಸ್ಥಳಗಳು ಇಂದಿಗೂ ನನ್ನ ಮನಸ್ಸನ್ನು ಕೊರೆಯುತ್ತವೆ. ಅಂದು ಹೇಳಬೇಕಾಗಿದ್ದ ಉತ್ತರವನ್ನು ಈಗ ಹೇಳುತ್ತಿದ್ದೇನೆ: ಆಗುತ್ತದೆ, ಅದೇ ಮೊದಲನೆಯ ಶಾಸ್ತ್ರದಾನ. ದೇಮಿಯಕ್ಕನು ಕೊಟ್ಟ ದ್ರವ್ಯದಲ್ಲಿ ಲಿಪಿಕಾರನ ಕೂಳೂ ಸೇರಿತ್ತು.

ಪಾತ್ರ

ನಾಲ್ಕನೆಯದೂ ಪ್ರಕೃತ ವಿಷಯಕ್ಕೆ ಅತ್ಯಂತ ನಿಕಟವಾದುದೂ ಪಾತ್ರ, ಎಂದರೆ ಸ್ವೀಕರಿಸುವವನು. ಆಹಾರದಾನದಲ್ಲಿ ಮುನಿಯು ಆಹಾರವನ್ನು ಸ್ವೀಕರಿಸಿದಾಗ ದಾನ ಪೂರ್ಣವಾಗುತ್ತದೆ. ಶಾಸ್ತ್ರದಾನವು ಪೂರ್ಣವಾಗುವುದು ಗ್ರಂಥ ಕೈಸೇರಿದಾಗಲ್ಲ, ಓದಲ್ಪಟ್ಟಾಗ. ಭಗವಂತನ ದಿವ್ಯಧ್ವನಿಯು ಹದಿನೆಂಟು ಮಹಾಭಾಷೆಗಳಲ್ಲಿಯೂ ಏಳುನೂರು ಕಿರುಭಾಷೆಗಳಲ್ಲಿಯೂ ಪರಿಣಮಿಸಿತೆಂದು ಪರಂಪರೆ ಹೇಳುತ್ತದೆ. ವೀರಸೇನಾಚಾರ್ಯರು ಪ್ರಾಕೃತವನ್ನೂ ಸಂಸ್ಕೃತವನ್ನೂ ಮಣಿಪ್ರವಾಳದಂತೆ ಬೆಸೆದು ಟೀಕೆಯನ್ನು ಬರೆದುದು ತಮ್ಮ ಕಾಲದ ಶಿಷ್ಯರನ್ನು ಕಣ್ಣಮುಂದೆ ಇಟ್ಟುಕೊಂಡೇ. ಹೀಗಿರುವಾಗ ಪಾತ್ರನ ಭಾಷೆಯನ್ನೂ ಲಿಪಿಯನ್ನೂ ಗಣಿಸದ ಶಾಸ್ತ್ರದಾನವು ಅಪೂರ್ಣವೆನ್ನಬೇಕಾಗುತ್ತದೆ.

ಇದಕ್ಕೆ ಗೊಮ್ಮಟಸಾರದ ಇತಿಹಾಸಕ್ಕಿಂತ ಉತ್ತಮವಾದ ನಿದರ್ಶನ ಬೇರೊಂದಿಲ್ಲ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಈ ಗ್ರಂಥಕ್ಕೆ ಚಾಮುಂಡರಾಯನು ದೇಶಭಾಷೆಯಲ್ಲಿ ವೃತ್ತಿಯೊಂದನ್ನು ರಚಿಸಿದ್ದನೆಂದು ಗ್ರಂಥದ ಕೊನೆಯ ಗಾಥೆಯಿಂದ ತಿಳಿಯುತ್ತದೆ. ಅನಂತರ ಅಭಯಸೂರಿ ಸಿದ್ಧಾಂತಚಕ್ರವರ್ತಿಗಳ ಶಿಷ್ಯರಾದ ಕೇಶವವರ್ಣಿಗಳು ಶಕ 1281ರಲ್ಲಿ, ಎಂದರೆ ಕ್ರಿ.ಶ. 1359ರಲ್ಲಿ, ಜೀವತತ್ತ್ವಪ್ರದೀಪಿಕೆ ಎಂಬ ಕರ್ಣಾಟಕವೃತ್ತಿಯನ್ನು ರಚಿಸಿದರು. ಅದನ್ನು ಆಧರಿಸಿ ಮತ್ತೊಬ್ಬ ನೇಮಿಚಂದ್ರರು ಸಂಸ್ಕೃತ ಟೀಕೆಯನ್ನು ಬರೆದರು. ಅದನ್ನು ಅನುಸರಿಸಿ ಜಯಪುರದ ಪಂಡಿತ ಟೋಡರಮಲ್ಲರು ಹದಿನೆಂಟನೆಯ ಶತಮಾನದಲ್ಲಿ ತಮ್ಮ ಢುಂಢಾರಿ ನುಡಿಯಲ್ಲಿ ಸಮ್ಯಗ್ಜ್ಞಾನಚಂದ್ರಿಕೆಯನ್ನು ಬರೆದರು. ಒಂದು ದೇಶಭಾಷೆಯ ವ್ಯಾಖ್ಯಾನವು ಸಂಸ್ಕೃತದ ಮೂಲಕ ಹಾದು ಮತ್ತೊಂದು ದೇಶಭಾಷೆಯನ್ನು ಬೆಳಗಿತು. ಆದರೆ ಅಚ್ಚಿನ ಕಾಲ ಬಂದಾಗ ಮೊದಲು ಪ್ರಕಟವಾದುದು ಸಂಸ್ಕೃತ ಟೀಕೆ ಮತ್ತು ಟೋಡರಮಲ್ಲರ ವಚನಿಕೆ. ಮೂಲವಾದ ಕನ್ನಡ ವೃತ್ತಿ ಓಲೆಗಳಲ್ಲಿಯೇ ಉಳಿಯಿತು. ಅದರ ಕರ್ತೃತ್ವದ ವಿಷಯದಲ್ಲಿಯೂ ಗೊಂದಲವಿದ್ದಿತು; ಸಂಸ್ಕೃತ ಟೀಕೆಯನ್ನೇ ಕೇಶವವರ್ಣಿಗಳದೆಂದು ಬಹುಕಾಲ ನಂಬಲಾಗಿತ್ತು. ಅದನ್ನು ಪರಿಹರಿಸಿದವರು ಸದಲಗಾ ಗ್ರಾಮದ ಸುಪುತ್ರರಾದ ಡಾ. ಆ. ನೇ. ಉಪಾಧ್ಯೆಯವರು.

1944ರಲ್ಲಿ ಸಾಹು ಶಾಂತಿಪ್ರಸಾದ ಜೈನರು ಸ್ಥಾಪಿಸಿದ ಭಾರತೀಯ ಜ್ಞಾನಪೀಠವು ಮೂರ್ತಿದೇವೀ ಗ್ರಂಥಮಾಲೆಯ ಉದ್ದೇಶಗಳಲ್ಲಿ ಕನ್ನಡ ಮತ್ತು ತಮಿಳು ಗ್ರಂಥಗಳನ್ನೂ ಸೇರಿಸಿತ್ತು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯನ್ನು 1948ರಲ್ಲಿ ಪ್ರಕಟಿಸಿದ ಶ್ರೇಯಸ್ಸೂ ಅದರದೇ. ಮಹಾಬಂಧದ ಏಳು ಸಂಪುಟಗಳನ್ನು 1947ರಿಂದ 1958ರವರೆಗೆ ಹೊರತಂದುದೂ ಅದೇ ಸಂಸ್ಥೆ. ಕೇಶವವರ್ಣಿಗಳ ಕನ್ನಡ ವೃತ್ತಿಯೂ ಅಲ್ಲಿಂದಲೇ, ಉಪಾಧ್ಯೆ ಮತ್ತು ಪಂಡಿತ ಕೈಲಾಶಚಂದ್ರ ಶಾಸ್ತ್ರಿಗಳ ಸಂಪಾದಕತ್ವದಲ್ಲಿ, 1978ರಿಂದ ನಾಲ್ಕು ಭಾಗಗಳಲ್ಲಿ ಬೆಳಕು ಕಂಡಿತು. ಆ ವೇಳೆಗೆ ಉಪಾಧ್ಯೆಯವರು ನಮ್ಮೊಡನಿರಲಿಲ್ಲ. ಅವರು 1975ರಲ್ಲಿಯೇ ದಿವಂಗತರಾಗಿದ್ದರು. ಬರೆಯಲ್ಪಟ್ಟ ಆರು ಶತಮಾನಗಳ ಮೇಲೆ ಮೊದಲ ಬಾರಿಗೆ ಅಚ್ಚಾದ ಆ ಕನ್ನಡ ವೃತ್ತಿ ಅಚ್ಚಾದುದು ನಾಗರಿ ಅಕ್ಷರಗಳಲ್ಲಿ. ಹಿಂದಿಯ ವಿದ್ವಾಂಸನಿಗೆ ಅದರ ಕನ್ನಡ ತಿಳಿಯದು. ಕನ್ನಡದ ಶ್ರಾವಕನಿಗೆ ಅದರ ಲಿಪಿ ಸುಲಭವಲ್ಲ. ಇದನ್ನು ದೋಷಾರೋಪವಾಗಿ ಹೇಳುತ್ತಿಲ್ಲ. ಜ್ಞಾನಪೀಠವು ಕೈಹಿಡಿಯದಿದ್ದರೆ ಆ ವೃತ್ತಿ ಇನ್ನೆಷ್ಟು ಕಾಲ ಓಲೆಗಳಲ್ಲಿ ಕಾಯಬೇಕಿತ್ತೋ ಹೇಳಲಾಗದು. ಕನ್ನಡ ಪಾತ್ರನಿಗಾಗಿ ಕನ್ನಡ ನಾಡಿನಲ್ಲಿಯೇ ಒಂದು ನಿಧಿ ಸಕಾಲದಲ್ಲಿ ನೆಲೆಗೊಳ್ಳಲಿಲ್ಲ ಎಂಬುದಷ್ಟೇ ಇಲ್ಲಿಯ ಅಭಿಪ್ರಾಯ.

ಈ ಕೊರತೆಯನ್ನು ನೀಗುವ ಮಹತ್ಪ್ರಯತ್ನ ಶ್ರವಣಬೆಳಗೊಳದಲ್ಲಿ ನಡೆಯಿತು. 2023ರಲ್ಲಿ ಸಮಾಧಿಸ್ಥರಾದ ಸ್ವಸ್ತಿಶ್ರೀ ಚಾರುಕೀರ್ತಿ ಭಟ್ಟಾರಕ ಸ್ವಾಮಿಗಳ ಪ್ರೇರಣೆಯಿಂದ ಅಲ್ಲಿಯ ರಾಷ್ಟ್ರೀಯ ಪ್ರಾಕೃತ ಅಧ್ಯಯನ ಮತ್ತು ಸಂಶೋಧನ ಸಂಸ್ಥೆಯು ಸಿದ್ಧಾಂತಗ್ರಂಥಗಳ ಕನ್ನಡ ಅನುವಾದವನ್ನು ಕೈಗೊಂಡು ಧವಲೆಯ ಸಂಪುಟಗಳನ್ನು ಕನ್ನಡದಲ್ಲಿ ಹೊರತಂದಿತು. ದೇಮಿಯಕ್ಕನ ಓಲೆ ಕೊನೆಗೂ ಅವಳ ನುಡಿಯಲ್ಲಿ ಮಾತಾಡಿತು. ಇಂಥ ಕಾರ್ಯಕ್ಕೆ ನಾವು ಸಲ್ಲಿಸಬಹುದಾದ ಗೌರವವೆಂದರೆ ಆ ಸಂಪುಟಗಳನ್ನು ಬಿಚ್ಚಿ ಓದುವುದು. ಮುದ್ರಿತ ಗ್ರಂಥಗಳನ್ನು ರೇಷ್ಮೆವಸ್ತ್ರದಲ್ಲಿ ಸುತ್ತಿಟ್ಟು, ವರ್ಷಕ್ಕೊಮ್ಮೆ ಶ್ರುತಪಂಚಮಿಯಂದು ಇಳಿಸಿ, ಅಷ್ಟವಿಧಾರ್ಚನೆ ಮಾಡಿ, ಹಾಳೆಗಳನ್ನು ಕತ್ತರಿಸದೆಯೇ ಮತ್ತೆ ಮೇಲಿಟ್ಟುದನ್ನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಪೂಜೆ ತಪ್ಪಲ್ಲ, ಆದರೆ ಅಲ್ಲಿಗೇ ನಿಂತರೆ ಪಾತ್ರನಿಲ್ಲದ ದಾನವಾಯಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿತವಾಗುವ ಕೆಲವು ಸೂಚನೆಗಳನ್ನು ವಿದ್ವಜ್ಜನರ ಮತ್ತು ದಾನಿಗಳ ಮುಂದೆ ವಿನಯದಿಂದ ಇಡುತ್ತೇನೆ. ಗ್ರಂಥಪ್ರಕಾಶನಕ್ಕೆಂದು ಬಂದ ದ್ರವ್ಯವನ್ನು ಆರಂಭದಲ್ಲಿಯೇ ಮೂರು ಭಾಗ ಮಾಡಬೇಕು: ಪ್ರತಿಸಂಗ್ರಹ ಮತ್ತು ಪಾಠಪರಿಷ್ಕರಣಕ್ಕೆ ಒಂದು, ಅನುವಾದಕ್ಕೆ ಒಂದು, ಮುದ್ರಣ ಮತ್ತು ವಿತರಣೆಗೆ ಒಂದು. ಮಾಣಿಕಚಂದ್ರ ಗ್ರಂಥಮಾಲೆಯಂತೆ ತಗಲಿದ ಬೆಲೆಗೆ ಗ್ರಂಥವನ್ನು ಕೊಟ್ಟು, ಬಂದ ಹಣವನ್ನು ಮುಂದಿನ ಗ್ರಂಥಕ್ಕೆ ಮೀಸಲಿಡಬೇಕು. ಉಚಿತವಾಗಿ ಕೊಡುವುದಾದರೆ ಸ್ವಾಧ್ಯಾಯ ನಡೆಯುವ ಸ್ಥಳವನ್ನು ವಿಚಾರಿಸಿ ಕೊಡಬೇಕು. ದಾನಿಗಳ ಭಾವಚಿತ್ರವನ್ನು ಹಾಕುವುದರಲ್ಲಿ ಆಕ್ಷೇಪವಿಲ್ಲ. ಧವಲೆಯ ಓಲೆಗಳಲ್ಲಿಯೂ ಉಪಾಸಕ-ಉಪಾಸಿಕೆಯರ ವರ್ಣಚಿತ್ರಗಳಿವೆ. ಆದರೆ ಅದೇ ಪುಟದಲ್ಲಿ ಓಲೆಯನ್ನು ಓದಿದವನ, ಪ್ರತಿ ತೆಗೆದವನ, ಕರಡು ತಿದ್ದಿದವನ ಹೆಸರುಗಳೂ ಇರಲಿ. ಇವೆಲ್ಲಕ್ಕೂ ಮಿಗಿಲಾಗಿ, ಹಳಗನ್ನಡದ ಓಲೆಗಳನ್ನು ಓದಬಲ್ಲ ತರುಣರನ್ನು ಸಿದ್ಧಪಡಿಸುವುದಕ್ಕೆ ಕೊಟ್ಟ ವೃತ್ತಿವೇತನವನ್ನೂ ಶಾಸ್ತ್ರದಾನವೆಂದೇ ಎಣಿಸಬೇಕು. ಓಲೆಗಳ ಛಾಯಾಚಿತ್ರಗಳನ್ನು ಇಂದು ಸುಲಭವಾಗಿ ತೆಗೆದಿಡಬಹುದು. ಆದರೆ ಚಿತ್ರವು ತನ್ನನ್ನು ತಾನೇ ಓದಿಕೊಳ್ಳಲಾರದು. ನನಗೆ ಓಲೆಯನ್ನು ಓದಲು ಕಲಿಸಿದ ಗುರುಗಳಲ್ಲಿ ಒಬ್ಬರೂ ಇಂದು ಉಳಿದಿಲ್ಲ. ಮುದ್ರಣಕ್ಕೆ ಹಣ ನಾಳೆಯೂ ದೊರೆತೀತು. ಓಲೆ ಓದುವವನು ನಾಳೆ ದೊರೆಯುವನೆಂಬ ಭರವಸೆ ಇಲ್ಲ.

ರತ್ನಕರಂಡಕದಲ್ಲಿ ಸ್ವಾಮಿ ಸಮಂತಭದ್ರರು ಉಪಕರಣದಾನಕ್ಕೆ ಕೌಂಡೇಶನನ್ನು ದೃಷ್ಟಾಂತವಾಗಿ ಹೆಸರಿಸಿದ್ದಾರೆ. ಅವನ ಪೂರ್ವಜನ್ಮದ ಕಥೆ ಟೀಕಾಕಾರರಿಂದ ತಿಳಿಯುತ್ತದೆ. ಗೋವಿಂದನೆಂಬ ಗೋವಳನಿಗೆ ಮರದ ಪೊಟರೆಯಲ್ಲಿ ಹಳೆಯ ಶಾಸ್ತ್ರವೊಂದು ದೊರೆಯಿತು. ಅವನು ಅದನ್ನು ಭಕ್ತಿಯಿಂದ ಪೂಜಿಸಿದನು. ಆದರೆ ಪೂಜೆಗೇ ನಿಲ್ಲಿಸಲಿಲ್ಲ. ಅದನ್ನು ಕೊಂಡುಹೋಗಿ ಓದಬಲ್ಲ ಪದ್ಮನಂದಿ ಮುನಿಗಳ ಕೈಗೆ ಒಪ್ಪಿಸಿದನು. ಅವನಲ್ಲಿ ಧನವಿರಲಿಲ್ಲ. ಗ್ರಂಥವು ಯಾರ ಕೈಯಲ್ಲಿರಬೇಕೆಂಬ ವಿವೇಕವಿತ್ತು. ಶಾಸ್ತ್ರದಾನಕ್ಕೆ ಮುಂದಾಗುವ ನಮ್ಮೆಲ್ಲರಿಗೂ ಆ ವಿವೇಕ ಉಂಟಾಗಲಿ.